ಉದ್ದಕ್ಕೂ ಅಡ್ಡಕ್ಕೂ ಓದಿದವರು

ನನಗೆ ಕೆಲಸ ಕಲಿಸಿದವರ ಬೀಳ್ಕೊಡುಗೆಯ ದಿನ ಅವರ ಬಗ್ಗೆ ಎರಡು ನಿಮಿಷ ಮಾತಾಡು ಎಂದು ಆಫೀಸಿನವರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಹದಿನಾಲ್ಕು ನಿಮಿಷ ಮಾತಾಡಿದೆ. ಅದರಲ್ಲಿ ಹದಿಮೂರು ನಿಮಿಷ ನನ್ನ ಬಗ್ಗೆಯೇ. ಅಷ್ಟರಲ್ಲಿ ಕೇಕಿನ ಮೇಲೆ ಬರೆದಿದ್ದ ಅವರ ಹೆಸರು ಕರಗಿ ತಟ್ಟೆಗೆ ಇಳಿದಿತ್ತು. ಅವರು ತಲೆ ಓರೆ ಮಾಡಿ ಅದನ್ನು ಓದಿ, "ಸ್ಪಷ್ಟ ಉಂಟು, ಕತ್ತರಿಸುವ" ಎಂದರು. ಅಂದು ಹೇಳಲು ಮರೆತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲೂ ನಾನು ನಡುನಡುವೆ ನುಗ್ಗುತ್ತೇನೆ, ಅದಕ್ಕೆ ಮದ್ದಿಲ್ಲ.

ಅಬುಧಾಬಿಯ ಮರಳುಗಾಡಿನ ಅಂಚಿನಲ್ಲಿರುವ ರುವೈಸಿನ ಒಂದು ಪ್ರಾಜೆಕ್ಟ್ ಆಫೀಸಿನಲ್ಲಿ ನಾನು ಅವರ ಕೈಕೆಳಗೆ ಸೇರಿದ್ದು. ಆಫೀಸಿಗೆ ಬರುವ ಪ್ರತಿ ಕಾಗದಕ್ಕೂ, ಡ್ರಾಯಿಂಗಿಗೂ ಒಂದು ನಂಬರು ಕೊಟ್ಟು, ಸೀಲು ಹೊಡೆದು, ಸೇರಬೇಕಾದವರಿಗೆ ಸೇರಿಸಿ, ಸೇರಿತು ಎಂದು ಸಹಿ ತೆಗೆದುಕೊಳ್ಳುವುದು ನಮ್ಮ ಕೆಲಸ. ಇದಕ್ಕೆ ಡಾಕ್ಯುಮೆಂಟ್ ಕಂಟ್ರೋಲ್ ಎಂದು ಹೆಸರು. ಹಿರಿಯೂರಿನಲ್ಲಿ ನಮ್ಮಪ್ಪ ಇದರಲ್ಲಿ ಮೊದಲ ಶಬ್ದ ಬಿಟ್ಟು, "ನನ್ನ ಮಗ ದುಬೈ ಹತ್ರ ಒಂದು ರಿಫೈನರಿ ಕಂಟ್ರೋಲ್ ಮಾಡ್ತಾನೆ" ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದಿದ್ದರು. ರಿಫೈನರಿಯ ಪುಣ್ಯ, ಅದು ನನ್ನ ಕೈಗೆ ಸಿಕ್ಕಿರಲಿಲ್ಲ. ಮೊದಲ ದಿನವೇ ನಾನು ಸೀಲುಗಳನ್ನು ಪರೀಕ್ಷಿಸುತ್ತ ನನ್ನದೇ ನೇಮಕಾತಿ ಪತ್ರದ ಮೇಲೆ 'ರದ್ದು' ಎಂದು ಹೊಡೆದುಬಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು:

"ಒಳ್ಳೇದಾಯ್ತು ಮಾರಾಯ. ಬಂದದ್ದೂ ಇವತ್ತೇ, ಹೋಗುದೂ ಇವತ್ತೇ. ಮಧ್ಯೆ ಒಂದು ಚಾ ಕುಡಿ."

ಅವರು ಬಂಟ್ವಾಳದ ಕಡೆಯ ಕೊಂಕಣಿ ಕ್ಯಾಥೊಲಿಕರು. ಆಫೀಸಿನ ಮಂಗಳೂರಿಗರ ಜೊತೆ ತುಳು, ಮನೆಗೆ ಫೋನಿನಲ್ಲಿ ಕೊಂಕಣಿ, ಸೈಟಿನವರ ಜೊತೆ ಹಿಂದಿ. ನನಗೆ ಈ ಮೂರೂ ಸರಿಯಾಗಿ ಬಾರದ ಕಾರಣ ನನ್ನೊಬ್ಬನಿಗೋಸ್ಕರ ದಿನವಿಡೀ ಕನ್ನಡ ಮಾತಾಡಬೇಕಾಯಿತು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಸಪೂರ ಆಳು, ಜೇಬಿನಲ್ಲಿ ಮೂರು ಪೆನ್ನು, ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಯಾವುದೇ ಕೈಬರಹವನ್ನೂ ಓದುವುದು ಅವರ ಸಿದ್ಧಿ. ಕ್ಯಾಂಪಿನ ಡಾಕ್ಟರು ಬರೆದ ಚೀಟಿಯನ್ನು ಔಷಧಿ ಅಂಗಡಿಯವನೇ ಅವರ ಬಳಿ ಕಳಿಸುತ್ತಿದ್ದ. ನನ್ನ ಅಕ್ಷರವನ್ನು ನನ್ನ ಅಮ್ಮ ಓದಲಾರಳು, ನಾನೂ ಮರುದಿನ ಓದಲಾರೆ. ಅವರು ಓದಿದರು.

"ಅಕ್ಷರ ನೋಡ್ಬೇಡ, ಕೈ ನೋಡು. ಎಲ್ಲಿ ಅವಸರ ಮಾಡಿದ್ದಾನೆ, ಎಲ್ಲಿ ನಿಂತಿದ್ದಾನೆ ಅಂತ. ಬರೆದವನ ಹಿಂದೆ ಹಿಂದೆ ಹೋದ್ರೆ ಆಯ್ತು."

ಒಂದು ಶುಕ್ರವಾರ ಚರ್ಚಿನಲ್ಲಿ ಬೆಳಿಗ್ಗೆಯ ಪೂಜೆ ಮುಗಿಸಿ ನನ್ನನ್ನು ಮೀನಿನ ಊಟಕ್ಕೆಂದು ದುಬೈಯ ಕರಾಮಕ್ಕೆ ಕರೆದೊಯ್ದರು. ಊಟಕ್ಕಾಗಿ ಅಷ್ಟು ದೂರವೇ ಎಂದು ಕೇಳುವವರು ರುವೈಸಿನ ಮೆಸ್ಸಿನಲ್ಲಿ ಉಂಡವರಲ್ಲ. ಹೋಟೆಲಿನ ಬೋರ್ಡಿನಲ್ಲಿ ಅಂದಿನ ಸ್ಪೆಷಲ್ಲುಗಳ ಕೆಳಗೆ ಒಂದು ಸಾಲನ್ನು ಅಳಿಸಿದ್ದರು. ಅಂಕಲ್ ಎರಡನೆಯ ಕನ್ನಡಕ ಇಳಿಸಿ, "ಬಂಗುಡೆ ಪುಳಿಮುಂಚಿ ಎರಡು" ಎಂದರು. ಹೋಟೆಲಿನವನು, "ಅದು ನಿನ್ನೆಯದ್ದು, ಅಳಿಸಿ ಆಗಿದೆಯಲ್ಲ" ಎಂದ. "ಅಳಿಸಿದ್ದು ನೀವು. ನಾನು ಓದಿ ಆಯ್ತಲ್ಲ ಈಗ" ಎಂದು ಅಂಕಲ್ ಕೈ ಕಟ್ಟಿ ಕೂತರು. ಹತ್ತು ನಿಮಿಷಕ್ಕೆ ಬಂಗುಡೆ ಬಂತು.

ನಮ್ಮ ಮ್ಯಾನೇಜರ್ ಅಮೆರಿಕದವರು, ಮಿಸೌರಿ ಎಂಬ ಸೀಮೆಯವರು. ಒಂದು ದಿನ ಐದು ಗಂಟೆಗೆ ನಮ್ಮ ಕೋಣೆಗೆ ಬಂದು, ಸಂಕೋಚಪಡುತ್ತ ಮೇಜಿನ ಮೇಲೊಂದು ಕಟ್ಟು ಇಟ್ಟರು. ಅವರ ಮನೆತನದ ಮೂವತ್ತೊಂದು ಹಳೆಯ ಕಾಗದಗಳ ಪ್ರತಿ. ಅಲ್ಲಿ ಅಂತರ್ಯುದ್ಧ ಆಗುವುದಕ್ಕೂ ಮೊದಲಿನವು. ಅಣ್ಣ ಒಹಾಯೊದಲ್ಲಿ ಉಳಿದಿದ್ದ, ತಮ್ಮ ಕಾಡು ಕಡಿದು ಹೊಲ ಮಾಡಲು ಮಿಸೌರಿಯ ಗಡಿನಾಡಿಗೆ ಹೋಗಿದ್ದ. ಇಬ್ಬರೂ ಬರೆದುಕೊಂಡ ಕಾಗದಗಳು. ಮ್ಯಾನೇಜರ್ ಆ ತಮ್ಮನ ವಂಶದವರು. ಅವರ ತಾಯಿಗೆ ಮುಂದಿನ ತಿಂಗಳು ತೊಂಬತ್ತು ತುಂಬುತ್ತಿತ್ತು. ಆ ದಿನ ಇದನ್ನೊಂದು ಪುಸ್ತಕ ಮಾಡಿ ತಾಯಿಗೆ ಕೊಡಬೇಕು, ಸೇರಿದ ನೆಂಟರ ಮುಂದೆ ಭಾಷಣ ಮಾಡಬೇಕು. ತೊಂದರೆ ಏನೆಂದರೆ ಓದಲು ಆಗುತ್ತಿರಲಿಲ್ಲ. ಆ ಕಾಲದಲ್ಲಿ ಹಾಳೆ ಹೆಚ್ಚಾದರೆ ಅಂಚೆ ವೆಚ್ಚವೂ ಹೆಚ್ಚು. ಹಾಗಾಗಿ ಹಾಳೆ ತುಂಬ ಉದ್ದಕ್ಕೆ ಬರೆದು, ಅದನ್ನೇ ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಕ್ಕೆ ಮತ್ತೊಂದು ಕಾಗದ ಬರೆಯುತ್ತಿದ್ದರು. ನೋಡಿದರೆ ಚಾಪೆ ನೇಯ್ದ ಹಾಗಿತ್ತು.

ಅಂಕಲ್ ಒಂದು ರಟ್ಟಿನಲ್ಲಿ ಸಾಲಿನಷ್ಟೇ ಅಗಲದ ಸೀಳು ಮಾಡಿ, ಹಾಳೆಯ ಮೇಲಿಟ್ಟು ಇಳಿಸುತ್ತ ಓದತೊಡಗಿದರು. ನಾನು ಟೈಪ್ ಮಾಡುವವನು. ದಿನಾ ಸಂಜೆ ಐದರಿಂದ ಏಳು.

ಮೊದಲ ಕಾಗದ ಟೈಪ್ ಮಾಡಿ ಮುಗಿಸಿ, ಎಲ್ಲಿ ಇಡುವುದೆಂದು ತಿಳಿಯದೆ, ದಿನವೂ ಇಡುವ ಜಾಗದಲ್ಲೇ ಇಟ್ಟೆ. ಕಂಪ್ಯೂಟರು ಅದಕ್ಕೊಂದು ನಂಬರು ಕೊಟ್ಟು, 'ಏಳು ದಿನದೊಳಗೆ ಉತ್ತರಿಸಿ' ಎಂದು ಸೇರಿಸಿ, ಪ್ರಾಜೆಕ್ಟಿನ ನೂರನಲವತ್ತು ಜನಕ್ಕೂ ಕಳಿಸಿತು. ಆ ಕಾಗದದಲ್ಲಿ ತಮ್ಮ, ತಾನು ಎರಡು ಎತ್ತು, ಏಳು ಹಂದಿಗಳೊಡನೆ ಬಂದು ತಲುಪಿದ್ದೇನೆ, ಹೆಂಡತಿಗೆ ನಡುಕದ ಜ್ವರ, ನಾಳೆಯಿಂದ ಬೇಲಿ ಹಾಕುತ್ತೇನೆ ಎಂದು ಬರೆದಿದ್ದ. ನಮ್ಮ ಜನ ಎಷ್ಟು ಶಿಸ್ತಿನವರೆಂದರೆ ಯಾರೂ ಇದೇನು ಎಂದು ಕೇಳಲಿಲ್ಲ, ಉತ್ತರ ಬರೆದರು. ಸಿವಿಲ್ ವಿಭಾಗ ಬೇಲಿಯ ಕಂಬಗಳ ಅಡಿಪಾಯದ ವಿವರ ಕೇಳಿತು. ಸೇಫ್ಟಿಯವರು, ಜ್ವರ ಬಂದ ಹೆಂಗಸನ್ನು ಕ್ಲಿನಿಕ್ಕಿಗೆ ತೋರಿಸದೆ ಕೆಲಸಕ್ಕೆ ಹಚ್ಚಬಾರದು ಎಂದರು. ಸೆಕ್ಯುರಿಟಿಯವರದ್ದು ಒಂದೇ ಸಾಲು: ಗೇಟ್ ಪಾಸ್ ಇಲ್ಲದೆ ಸದರಿ ಪ್ರಾಣಿಗಳನ್ನು ಒಳಗೆ ಬಿಡಲಾಗದು.

ನಾನು ಊರಿಗೆ ಹೋಗುವ ಪೆಟ್ಟಿಗೆಯ ಬಗ್ಗೆ ಯೋಚಿಸುತ್ತಿದ್ದಾಗ ಮ್ಯಾನೇಜರ್ ಬಂದರು. ನಕ್ಕು ನಕ್ಕು ಅವರ ಮುಖ ಕೆಂಪಾಗಿತ್ತು. "ನಮ್ಮ ಮುತ್ತಜ್ಜನ ಅಪ್ಪನಿಗೆ ಇಷ್ಟು ಜನ ಯಾವತ್ತೂ ಉತ್ತರ ಬರೆದಿರಲಿಲ್ಲ" ಎಂದರು. ಅಂದಿನಿಂದ ಆಫೀಸೇ ಆ ಹೊಲದ ಹಿಂದೆ ಬಿತ್ತು. ಪಕ್ಕದ ಕೋಣೆಯ ಮಲಯಾಳಿ ಡ್ರಾಫ್ಟ್ಸ್‌ಮನ್ ದಿನಾ ಬೆಳಿಗ್ಗೆ ಬಾಗಿಲಲ್ಲಿ ತಲೆ ಹಾಕಿ, ಜೋಳಕ್ಕೆ ಮಳೆ ಬಂತಾ ಎಂದು ವಿಚಾರಿಸಿ ಹೋಗುತ್ತಿದ್ದ. ಹೊರಗೆ ನಲವತ್ತೈದು ಡಿಗ್ರಿ.

ಜೋಳ, ಹಂದಿ, ಸೋಪು ಕಾಯಿಸುವುದು ಮುಗಿದರೆ ಉಳಿದದ್ದೆಲ್ಲ ರಾಜಕೀಯ. ಆಗ ಅಲ್ಲಿ ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತಂತೆ. ತಮ್ಮ ಒಂದು ಪಕ್ಷದವರ ಪೀಪಾಯಿಯಿಂದ ಹೊಟ್ಟೆ ತುಂಬ ವಿಸ್ಕಿ ಕುಡಿದು, ಇನ್ನೊಂದು ಪಕ್ಷದ ಹೆಸರು ಕೂಗಿ, ಜೋಳದ ಹೊಲದ ನಡುವೆ ಓಡಿ ಮನೆ ಸೇರಿದ್ದ.

"ಇವ್ರು ಅಮೆರಿಕಕ್ಕೆ ಹೋದದ್ದು ಬಂಟ್ವಾಳದಿಂದಲೇ ಇರ್ಬೇಕು" ಎಂದರು ಅಂಕಲ್. "ನಮ್ಮ ಪಂಚಾಯ್ತಿ ಎಲೆಕ್ಷನ್ ನೋಡಿದ ಹಾಗೇ ಆಗ್ತದೆ."

"ನಿಮ್ಮಲ್ಲಿ ಓಡ್ತಾರಾ ಅಂಕಲ್?"

"ಇಲ್ಲ. ನಮ್ಮಲ್ಲಿ ಕುಡಿದ್ರೆ ಓಡ್ಲಿಕ್ಕೆ ಆಗುದಿಲ್ಲ."

ಅಣ್ಣ ಖಡಕ್ ಮನುಷ್ಯ. ನೀನು ಹೋದ ನಾಡಿನಲ್ಲಿ ಮನುಷ್ಯರನ್ನು ಗುಲಾಮರೆಂದು ಮಾರುತ್ತಾರೆ, ಅಂಥವರ ಪಕ್ಷಕ್ಕೆ ಕೂಗಬೇಡ ಎಂದು ಪ್ರತಿ ಕಾಗದದಲ್ಲೂ ಬೈಯುತ್ತಿದ್ದ. ನಮ್ಮ ಹೊಲಕ್ಕೆ ನಮ್ಮ ಕೈಗಳೇ ಸಾಕು ಎಂದು ತಮ್ಮ ಉತ್ತರಿಸುತ್ತಿದ್ದ. ಮ್ಯಾನೇಜರರ ಭಾಷಣದ ಬೆನ್ನೆಲುಬೇ ಆ ವಾಕ್ಯ. ನಮ್ಮ ಮನೆತನ ಒಬ್ಬರನ್ನೂ ಗುಲಾಮರಾಗಿ ಇಟ್ಟುಕೊಳ್ಳಲಿಲ್ಲ ಎಂದು ಅವರ ತಾಯಿ ಮಕ್ಕಳಿಗೆ ಹೇಳಿಯೇ ಬೆಳೆಸಿದ್ದರಂತೆ.

ಇದೇ ಹೊತ್ತಿಗೆ ಅಂಕಲ್‌ಗೆ ಅರವತ್ತು ದಾಟಿತು. ಅರವತ್ತು ದಾಟಿದವರ ವೀಸಾ ಇನ್ನೊಂದು ವರ್ಷ ಮುಂದುವರಿಸಬೇಕಾದರೆ ಬೇರೆ ಅರ್ಜಿ, ಅದಕ್ಕೆ ಮ್ಯಾನೇಜರ್ ಸಹಿ. ಅವರು ಗಲ್ಫಿನಲ್ಲಿ ಇಪ್ಪತ್ತೆಂಟು ವರ್ಷ, ಆರು ಪ್ರಾಜೆಕ್ಟು ಮಾಡಿದ್ದರು. ಒಂದನ್ನೂ ಕೊನೆಯವರೆಗೆ ನೋಡಿರಲಿಲ್ಲ. ಪ್ರತಿ ಸಲವೂ ಮುಗಿಯುವ ಮೊದಲೇ ಖಲಾಸ್ ಎಂದು ಇನ್ನೊಂದು ಕಡೆಗೆ ಕಳಿಸಿದ್ದರು.

"ಒಂದಾದ್ರೂ ಕಟ್ಟಿ ಮುಗಿದ ಮೇಲೆ ಕೊನೇ ಡ್ರಾಯಿಂಗಿಗೆ ಸೀಲು ಹೊಡೀಬೇಕು ಮಾರಾಯ. ಇಲ್ದಿದ್ರೆ ಮನೆ ಕಟ್ಟಿದ ಮೇಸ್ತ್ರಿ ಮನೆಯೊಕ್ಕಲಿನ ಊಟ ಮಾಡದ ಹಾಗೆ" ಎನ್ನುತ್ತಿದ್ದರು. ನಮ್ಮ ಪ್ರಾಜೆಕ್ಟ್ ಮುಗಿಯಲು ಎಂಟು ತಿಂಗಳಿತ್ತು. ಅವರ ವೀಸಾಕ್ಕೆ ಎರಡು. ಅರ್ಜಿ ಮ್ಯಾನೇಜರರ ಮೇಜಿನ ಮೇಲಿತ್ತು.

ಹತ್ತೊಂಬತ್ತನೆಯ ಕಾಗದದ ಅಡ್ಡಬರಹದಲ್ಲಿ ಆ ಸಾಲು ಸಿಕ್ಕಿತು. ತಮ್ಮ ಆ ವರ್ಷ ಹೊಲಕ್ಕೆ ಕೊಂಡು ತಂದದ್ದರ ಪಟ್ಟಿ: ಎತ್ತು ಒಂದು ಜೋಡಿ, ಹಂದಿ ಹನ್ನೊಂದು, ಫೀಬಿ ಎಂಬ ಹುಡುಗಿ, ಹತ್ತು ವರ್ಷ, ನೇಗಿಲು ಒಂದು.

ಅಂಕಲ್ ಓದಿದರು, ನಾನು ಟೈಪ್ ಮಾಡಿದೆ. ಪುಸ್ತಕದ ಕೊನೆಗೆ ಹೆಸರುಗಳ ಪಟ್ಟಿ ಮಾಡುವುದೂ ನನ್ನ ಕೆಲಸವೇ. ಅದರಲ್ಲಿ ಎರಡು ಭಾಗ: ವ್ಯಕ್ತಿಗಳು, ಆಮೇಲೆ ಜಾನುವಾರು ಮತ್ತು ಸಾಮಾನು. ಸೈಟಿನಿಂದ ದಿನಾ ಬರುವ ವರದಿಯಲ್ಲಿ ಕ್ರೇನ್ ಎರಡು, ಹೆಲ್ಪರ್ ಮೂವತ್ತಾರು, ಜನರೇಟರ್ ನಾಲ್ಕು ಎಂದೇ ಇರುತ್ತದೆ. ಅದನ್ನು ಟೈಪ್ ಮಾಡಿ ಮಾಡಿ ಪಳಗಿದ ನನ್ನ ಬೆರಳು ಫೀಬಿಯನ್ನು ಎತ್ತುಹಂದಿಗಳ ಕೆಳಗೇ ಸೇರಿಸಿತು. ಮರುದಿನ ಅಂಕಲ್ ಪಟ್ಟಿ ನೋಡಿ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಯಾರು ಮಾಡಿದ್ದು?"

ಕೋಣೆಯಲ್ಲಿ ಇದ್ದದ್ದು ಇಬ್ಬರು. "ನಾನೇ ಅಂಕಲ್."

"ಈ ಫೀಬಿಗೆ ಕಾಲು ಎಷ್ಟು?"

"ಎರಡು."

"ಹಾಗಾದ್ರೆ ಮೇಲಿನ ಲಿಸ್ಟಿಗೆ ಹಾಕು."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕೋಳಿಗೂ ಎರಡೇ ಅಲ್ವಾ ಅಂಕಲ್" ಎಂದೆ.

ಅವರು ನಗಲಿಲ್ಲ. "ಕೋಳಿಗೆ ಹೆಸರಿಟ್ಟು, ಪ್ರಾಯ ಹಾಕಿ, ಅಣ್ಣನಿಗೆ ಕಾಗದ ಬರೀತಾರಾ?" ಎಂದರು. ನಾನು ಆವರೆಗೆ ಮಾಡಿದ ಜೋಕುಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿರಲಿಲ್ಲ, ಮತ್ತು ಸ್ಪರ್ಧೆ ಸಾಕಷ್ಟಿತ್ತು. ಹೆಸರನ್ನು ಮೇಲಕ್ಕೆ ತಂದೆ.

ಮ್ಯಾನೇಜರ್ ಆ ಪುಟವನ್ನು ನಿಂತುಕೊಂಡೇ ಓದಿದರು. ಬಾಗಿಲು ಹಾಕಿದರು. ಅಂಕಲ್ ಅವರೊಡನೆ ಆಡುವುದು ಇಂಗ್ಲಿಷೇ, ಆದರೆ ಅದೂ ಬಂಟ್ವಾಳದ್ದೇ ಆದ್ದರಿಂದ ಹಾಗೇ ಬರೆಯುತ್ತೇನೆ.

"ಈ ಪುಟ ತುಂಬ ಮಸುಕಾಗಿದೆ, ಅಲ್ಲವೇ?" ಎಂದರು ಮ್ಯಾನೇಜರ್.

"ಇಲ್ಲ ಸರ್, ಚೆಂದ ಓದ್ಲಿಕ್ಕೆ ಆಗ್ತದೆ."

"ನನಗೆ ಆಗುತ್ತಿಲ್ಲ."

"ನಂಗೆ ಆಗ್ತದೆ ಸರ್."

"ನಿಮ್ಮಲ್ಲಿ 'ಓದಲಾಗದು' ಎಂಬ ಸೀಲು ಇದೆಯಲ್ಲ?"

"ಉಂಟು ಸರ್. ಅದು ಓದ್ಲಿಕ್ಕೆ ಆಗದ್ದಕ್ಕೆ."

ಮ್ಯಾನೇಜರ್ ಕೆಟ್ಟವರಲ್ಲ. ಬಾಗಿಲು ತೆರೆಯುತ್ತ, "ನನ್ನ ತಾಯಿಗೆ ತೊಂಬತ್ತು ವರ್ಷ. ಯೋಚಿಸಿ" ಎಂದು ಹೊರಟುಹೋದರು. ವೀಸಾದ ಅರ್ಜಿಯ ಬಗ್ಗೆ ಅವರೂ ಏನೂ ಹೇಳಲಿಲ್ಲ, ಅಂಕಲೂ ಹೇಳಲಿಲ್ಲ. ಹೇಳಿದ್ದು ನಾನು.

"ಅಂಕಲ್, ಒಂದೇ ಒಂದು ಸೀಲು. ಯಾರಿಗೆ ಗೊತ್ತಾಗುತ್ತೆ? ನೀವು ಕೊನೇ ಡ್ರಾಯಿಂಗ್ ನೋಡ್ಬೇಕೋ ಬೇಡ್ವೋ?"

"ನೋಡ್ಬೇಕು ಮಾರಾಯ. ಆದ್ರೆ ಓದಿ ಆಯ್ತಲ್ಲ. ಓದಿದ್ದನ್ನು ಓದ್ಲಿಲ್ಲ ಅಂತ ಹೇಳ್ಳಿಕ್ಕೆ ನಂಗೆ ಯಾರೂ ಕಲಿಸ್ಲಿಲ್ಲ."

"ಹಾಗಾದ್ರೆ ನಾನು ಹೊಡೀತೀನಿ. ನನಗೆ ನಿಜವಾಗ್ಲೂ ಓದಕ್ಕಾಗಲ್ಲ."

"ನಿನ್ನ ಕೈಗೆ ಸೀಲು ಕೊಟ್ರೆ ನೀನು ಪುನಃ ನಿನ್ನ ಮೇಲೆಯೇ ಹೊಡ್ಕೊಳ್ತಿ" ಎಂದು ಸೀಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಅವರನ್ನು ಕಾಡುತ್ತಿದ್ದದ್ದು ಬೇರೆಯೇ. ನಮ್ಮ ಕೆಲಸದಲ್ಲಿ ಒಳಗೆ ಬಂದ ಪ್ರತಿಯೊಂದಕ್ಕೂ ಹೊರಗೆ ಹೋದದ್ದರ ದಾಖಲೆ ಇರಬೇಕು. ಇಲ್ಲದಿದ್ದರೆ ಲೆಕ್ಕ ಮುಗಿದಂತಲ್ಲ. "ಫೀಬಿ ಬಂದದ್ದು ಸಿಕ್ಕಿತು. ಎಲ್ಲಿಗೆ ಹೋದ್ಲು?" ಎಂದು ಉಳಿದ ಹನ್ನೆರಡು ಕಾಗದಗಳ ಅಡ್ಡಬರಹದ ಹಿಂದೆ ಬಿದ್ದರು. ಊಟದ ಹೊತ್ತಿನಲ್ಲೂ ಆ ಸೀಳಿನ ರಟ್ಟು ಇಳಿಯುತ್ತಿತ್ತು. ಇಪ್ಪತ್ತೆರಡರಲ್ಲಿ ಒಂದು ಸಾಲು: ಹುಡುಗಿಗೆ ಪಾದರಕ್ಷೆ ಬೇಕು ಎಂದು ಹೆಂಡತಿ ಹೇಳುತ್ತಾಳೆ, ಈ ಚಳಿಗಾಲ ಬೇಡ, ನೋಡೋಣ. ಇಪ್ಪತ್ತನಾಲ್ಕರಲ್ಲೂ ಅದೇ: ಈ ಚಳಿಗಾಲವೂ ಬೇಡ. ಅಂಕಲ್ ಆ ದಿನ ಚಾ ಕುಡಿಯಲಿಲ್ಲ.

ಆ ಶುಕ್ರವಾರ ಕರಾಮಕ್ಕೆ ನಾನೊಬ್ಬನೇ ಹೋದೆ. ಬಾಯಲ್ಲಿ ಮೀನಿನ ಮುಳ್ಳು ಇದ್ದಾಗ ಫೋನು ಬಂತು.

"ಓಡಿದ್ಲು ಮಾರಾಯ."

ಅಂಕಲ್‌ಗೆ ಊರಿನಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಳು. ನಾನು ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವಂತೆ, "ಯಾರ ಜೊತೆ ಅಂಕಲ್?" ಎಂದೆ. ಸುತ್ತಲಿನ ಮೇಜಿನವರು ಉಣ್ಣುವುದು ನಿಲ್ಲಿಸಿದರು.

"ಯಾರ ಜೊತೆಯೂ ಇಲ್ಲ. ಒಬ್ಳೇ."

"ಆಂಟಿಗೆ ಗೊತ್ತಾಯ್ತಾ? ಪೊಲೀಸ್ ಕಂಪ್ಲೇಂಟ್ ಕೊಟ್ರಾ?"

"ನಿಂಗೆ ಮಂಡೆ ಉಂಟಾ? ನನ್ನ ಮಗಳು ಎಂತಕ್ಕೆ ಓಡುದು? ಅವಳು ಮನೇಲಿ ಮಲಗಿದ್ದಾಳೆ. ಫೀಬಿ. ಫೀಬಿ ಓಡಿದ್ಲು."

ನಾನು ಕೂತೆ. ಪಕ್ಕದ ಮೇಜಿನ ಹಿರಿಯರೊಬ್ಬರು ಮೆಲ್ಲಗೆ, "ಹುಡುಗಿ ಸಿಕ್ಕಿದ್ಲಾ?" ಎಂದು ಕೇಳಿದರು. ಇಲ್ಲ, ತಪ್ಪಿಸಿಕೊಂಡಳು ಎಂದು ನಾನು ಹಲ್ಲು ಕಿರಿದದ್ದನ್ನು ನೋಡಿ ಅವರು ಕುರ್ಚಿಯನ್ನು ಆಚೆ ಎಳೆದುಕೊಂಡರು.

ಅಲ್ಲಿ ವಾರ ಶುರುವಾಗುವುದೇ ಭಾನುವಾರ; ಬೆಳಿಗ್ಗೆ ಆಫೀಸು ತೆರೆಯುತ್ತಲೇ ಅಂಕಲ್ ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಫೀಬಿಯ ಪುಟಗಳನ್ನಷ್ಟೇ ಹಿಡಿದು ಮ್ಯಾನೇಜರರ ಕೋಣೆಗೆ ಹೋದರು. ನಾನೂ ಹಿಂದೆ. ಬಂದದ್ದು ಒಂದು, ಪಾದರಕ್ಷೆಯದ್ದು ಎರಡು, ಹೋದದ್ದು ಒಂದು ಎಂದು ಸಾಲಾಗಿ ಇಟ್ಟರು. ಕೊನೆಯದನ್ನು ಅವರೇ ಓದಿದರು:

"ಫೀಬಿ ಮಂಗಳವಾರ ಹೊಳೆ ದಾಟಿ ಹೋಗಿದ್ದಾಳೆ. ಅಂದಿನಿಂದ ನನ್ನ ಹೊಸ ಬೂಟು, ಹೊಗೆಗೆ ಕಟ್ಟಿದ್ದ ಹಂದಿಯ ತೊಡೆ ಮತ್ತು ದೋಣಿ ಕಾಣುತ್ತಿಲ್ಲ. ಆಚೆ ದಡದವರು ನೋಡಿಲ್ಲ ಎನ್ನುತ್ತಾರೆ, ನಗುತ್ತಾರೆ. ಬೂಟನ್ನು ಒಂದೇ ಒಂದು ಭಾನುವಾರ ಹಾಕಿದ್ದೆ."

ಆ ಹೊಳೆಯ ಆಚೆ ದಡ ಇಲಿನಾಯ್. ಅಲ್ಲಿ ಗುಲಾಮಗಿರಿ ಇರಲಿಲ್ಲ. ಮ್ಯಾನೇಜರ್ ಪುಟವನ್ನು ತಮ್ಮ ಕಡೆ ತಿರುಗಿಸಿ, ಸಾಲಿನ ಮೇಲೆ ಬೆರಳಿಟ್ಟು ತಾವೂ ಓದಿದರು.

"ಬೂಟನ್ನೂ ಬಿಡಲಿಲ್ಲವೇ?" ಎಂದರು ಕೊನೆಗೆ.

"ಬೂಟೇ ಮೊದಲು ಬರೆದಿದ್ದಾರೆ ಸರ್. ದೋಣಿ ಕೊನೆಗೆ."

"ದೋಣಿಯನ್ನೂ?"

"ದೋಣಿಯನ್ನೂ ಸರ್."

ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ನಾನು ಟಿಶ್ಯೂ ಡಬ್ಬ ಮುಂದೆ ಹಿಡಿದೆ. ನಗುತ್ತಿದ್ದರು. ಆಮೇಲೆ ಟಿಶ್ಯೂ ಕೂಡ ತೆಗೆದುಕೊಂಡರು. "ಭಾಷಣವನ್ನು ಮೊದಲಿನಿಂದ ಬರೆಯಬೇಕು" ಎಂದರು. "ಈ ಕಾಗದಗಳಲ್ಲಿ ಹೊಗಳಲಿಕ್ಕೆ ಒಬ್ಬರನ್ನು ಹುಡುಕುತ್ತಿದ್ದೆ. ಇವಳನ್ನೇ ಹೊಗಳುತ್ತೇನೆ. ಅಮ್ಮನಿಗೆ ನಾನೇ ಕೂತು ಓದಿ ಹೇಳುತ್ತೇನೆ. ಒಂದು ಸಾಲೂ ಬಿಡಬೇಡಿ." ಆಮೇಲೆ ಮೇಜಿನ ಮೇಲಿದ್ದ ಅಂಕಲ್‌ನ ಅರ್ಜಿಯನ್ನು ಎಳೆದು, ಸಹಿ ಮಾಡಿ, ಪುಟಗಳ ಮೇಲಿಟ್ಟು ತಳ್ಳಿದರು. ಎಂಟು ತಿಂಗಳ ಮೇಲೆ ಕೊನೆಯ ಡ್ರಾಯಿಂಗಿಗೆ ಅಂಕಲ್ ಸೀಲು ಹೊಡೆದರು. ಹಾಳೆ ಹಿಡಿದವನು ನಾನಾದ್ದರಿಂದ ಸೀಲು ಸ್ವಲ್ಪ ಓರೆಯಾಗಿಯೇ ಬಿದ್ದಿದೆ.

ಆದರೆ ಆ ಭಾನುವಾರ ನಮ್ಮ ಕೋಣೆಗೆ ವಾಪಸ್ ಬಂದ ಅಂಕಲ್ ವೀಸಾದ ಅರ್ಜಿಯನ್ನು ಓದಿ ಕೂಡ ನೋಡಲಿಲ್ಲ. ಆ ಮೂವತ್ತೊಂದು ಕಾಗದಗಳಿಗೆಂದೇ ಒಂದು ಹಳೆಯ ರಿಜಿಸ್ಟರಿನಲ್ಲಿ ಗೆರೆ ಎಳೆದಿಟ್ಟಿದ್ದರು. ಅದನ್ನು ತೆರೆದು, ಹೊರಹೋದದ್ದರ ಪುಟದಲ್ಲಿ ಫೀಬಿ ಎಂದು ಬರೆದರು. ಎಲ್ಲಿಗೆ: ಹೊಳೆಯ ಆಚೆ. ಯಾವುದರಲ್ಲಿ: ದೋಣಿ. ಜೊತೆಗೆ ಲಗತ್ತಿಸಿದ್ದು: ಬೂಟು ಒಂದು ಜೋಡಿ, ಹಂದಿಯ ತೊಡೆ ಒಂದು. ಕೊನೆಯ ಕಾಲಂ 'ಕಳಿಸಿದವರು' ಎಂಬುದು. ಅಲ್ಲಿ ಪೆನ್ನು ನಿಂತಿತು.

"ಖಾಲಿ ಬಿಡಿ ಅಂಕಲ್. ಯಾರೂ ಕಳಿಸ್ಲಿಲ್ವಲ್ಲ" ಎಂದೆ.

"ಖಾಲಿ ಬಿಡ್ಲಿಕ್ಕೆ ಇಲ್ಲ" ಎಂದು ಹೇಳಿ, ಹಣೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡು, ನಾನು ಕೂಡ ಓದಬಲ್ಲಷ್ಟು ದುಂಡಗೆ ಬರೆದರು: 'ಅವಳೇ.'